ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವ ಮುನ್ನ ಹಳೆಯ ಡೇಟಾಬೇಸ್‌ನಲ್ಲಿ ಏನೇನು ನೋಡಬೇಕು?

ಪ್ರಶ್ನೆ: ನಮ್ಮದು ಒಂದು ಪತ್ತಿನ ಸಹಕಾರ ಸಂಘ. ಸದಸ್ಯತ್ವ, ಷೇರು, ಠೇವಣಿ, ಸಾಲ ಎಲ್ಲದರ ಲೆಕ್ಕವೂ ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸ್‌ನಲ್ಲಿದೆ. ಸುಮಾರು 140 ಟೇಬಲ್‌ಗಳಿವೆ. ಸದಸ್ಯರ ಹೆಸರು, ವಿಳಾಸ ಕನ್ನಡದಲ್ಲಿವೆ. ಸಾಫ್ಟ್‌ವೇರ್ ಬರೆದವರು ಈಗ ನಮ್ಮೊಂದಿಗಿಲ್ಲ, ಅದರ ಬಗ್ಗೆ ಬರೆದಿಟ್ಟದ್ದೂ ಏನೂ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಹೋಗುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಪಿಜಿಲೋಡರ್ ಎಂಬ ಟೂಲ್ ಒಂದೇ ಕಮಾಂಡ್‌ನಲ್ಲಿ ಎಲ್ಲವನ್ನೂ ಸಾಗಿಸುತ್ತದಂತೆ. ನೇರವಾಗಿ ಅದನ್ನೇ ಓಡಿಸಬಹುದೇ? ಮೊದಲು ಏನಾದರೂ ಪರಿಶೀಲಿಸಬೇಕೇ?

ಉತ್ತರ: ಡೇಟಾಬೇಸ್‌ನ ಒಂದು ಪ್ರತಿಯನ್ನು (ನಕಲನ್ನು) ಮಾಡಿಕೊಂಡು, ಬೇರೆ ಯಂತ್ರದಲ್ಲಿ, ಇಂದೇ ಓಡಿಸಿ ನೋಡಿ. ಅದರಿಂದ ನಷ್ಟವಿಲ್ಲ. ಆದರೆ ಅದು ತಪ್ಪಿಲ್ಲದೆ ಮುಗಿಯಿತು ಎಂದರೆ ಡೇಟಾ ಸರಿಯಾಗಿ ಬಂತು ಎಂದು ತಿಳಿಯಬೇಡಿ. ಪಿಜಿಲೋಡರ್ ಒಳ್ಳೆಯ ಟೂಲ್, ನಾನೂ ಬಳಸುತ್ತೇನೆ. ಆದರೆ ಅದು ದಾರಿಯುದ್ದಕ್ಕೂ ನಿಮ್ಮ ಪರವಾಗಿ ನೂರಾರು ತೀರ್ಮಾನಗಳನ್ನು ಮಾಡುತ್ತದೆ, ಅದಕ್ಕೆ ನಿಮ್ಮ ಸಂಘದ ವ್ಯವಹಾರ ಗೊತ್ತಿಲ್ಲ.

ಒಂದು ಉದಾಹರಣೆ ನೋಡಿ. ಸಾಲದ ಟೇಬಲ್‌ನಲ್ಲಿ ಸ್ಥಿತಿ ತೋರಿಸುವ ಕಾಲಮ್ ಒಂದಿದೆ ಎಂದುಕೊಳ್ಳಿ: 0 ಅಂದರೆ ಅರ್ಜಿ, 1 ಮಂಜೂರು, 2 ಚುಕ್ತಾ, 3 ಸುಸ್ತಿ. ಅದರ ವಿಧ ಟೈನಿಇಂಟ್ (ಸಣ್ಣ ಪೂರ್ಣಾಂಕ), ಆವರಣದಲ್ಲಿ 1. ಆ 1 ಕೇವಲ ತೋರಿಸುವ ಅಗಲ. ಕಾಲಮ್‌ನಲ್ಲಿ -128ರಿಂದ 127ರವರೆಗೆ ಯಾವ ಸಂಖ್ಯೆಯೂ ಕೂರುತ್ತದೆ. ಆದರೆ ಮೈಎಸ್‌ಕ್ಯೂಎಲ್ ಜಗತ್ತಿನಲ್ಲಿ ಹೌದು-ಅಲ್ಲ ಎಂಬುದನ್ನು ಹೀಗೆಯೇ ಬರೆಯುವ ರೂಢಿ ಇರುವುದರಿಂದ, ಪಿಜಿಲೋಡರ್ ನೀವು ಬೇರೇನೂ ಹೇಳದಿದ್ದರೆ ಇದನ್ನು ಬೂಲಿಯನ್ ಮಾಡುತ್ತದೆ. 0 ಸುಳ್ಳಾಗುತ್ತದೆ, ಉಳಿದದ್ದೆಲ್ಲ ನಿಜವಾಗುತ್ತದೆ. ಮಂಜೂರಾದ, ಚುಕ್ತಾ ಆದ, ಸುಸ್ತಿಯಾದ ಸಾಲಗಳೆಲ್ಲ ಒಂದೇ ಆಗಿಬಿಡುತ್ತವೆ. ಒಂದು ಎಚ್ಚರಿಕೆಯ ಸಾಲೂ ಪರದೆಯ ಮೇಲೆ ಬರುವುದಿಲ್ಲ. ಹಾಗಾಗಿ ಟೈನಿಇಂಟ್ ಇರುವ ಪ್ರತಿ ಕಾಲಮ್‌ಗೂ ಒಂದು ಡಿಸ್ಟಿಂಕ್ಟ್ ಕ್ವೆರಿ ಹಾಕಿ, ನಿಜವಾಗಿ ಯಾವ ಯಾವ ಮೌಲ್ಯಗಳಿವೆ ಎಂದು ಬರೆದಿಟ್ಟುಕೊಳ್ಳಿ.

ಡೇಟಾಬೇಸ್‌ನ ರಚನೆ ಮೂರು ಕಡೆ ಹಂಚಿಹೋಗಿರುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕ್ಯಾಟಲಾಗ್, ಅಂದರೆ ಟೇಬಲ್‌ಗಳ ರಚನೆಯ ಬಗ್ಗೆ ಡೇಟಾಬೇಸ್ ತಾನೇ ಇಟ್ಟುಕೊಂಡ ಪಟ್ಟಿ, ಹೇಳುವುದು ಒಂದು. ಸಾಲುಗಳಲ್ಲಿ ನಿಜಕ್ಕೂ ಇರುವುದು ಇನ್ನೊಂದು. ಪ್ರೋಗ್ರಾಂ ಯಾವುದನ್ನು ನಂಬಿಕೊಂಡು ನಡೆಯುತ್ತಿದೆ ಎಂಬುದು ಮೂರನೆಯದು. ಮೊದಲನೆಯದನ್ನು ಮಾತ್ರ ನೋಡಿ ಕೆಲಸ ಮುಗಿಯಿತೆನ್ನುವವರೇ ಹೆಚ್ಚು. ತೊಂದರೆಗಳು ಹುಟ್ಟುವುದು ಉಳಿದೆರಡರಲ್ಲಿ.

ಕ್ಯಾಟಲಾಗ್‌ನಿಂದಲೇ ಶುರು ಮಾಡೋಣ. ಮೈಎಸ್‌ಕ್ಯೂಎಲ್‌ಡಂಪ್ ಎಂಬ ಟೂಲ್ ಬಳಸಿ ಡೇಟಾ ಇಲ್ಲದೆ ರಚನೆಯನ್ನಷ್ಟೇ ಒಂದು ಫೈಲ್‌ಗೆ ಇಳಿಸಿ. ಟ್ರಿಗರ್‌ಗಳು (ಸಾಲು ಬದಲಾದಾಗ ತಾವೇ ನಡೆಯುವ ಕೆಲಸಗಳು) ತಾವಾಗಿಯೇ ಬರುತ್ತವೆ. ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್‌ನೊಳಗೇ ಬರೆದಿಟ್ಟ ಪ್ರೋಗ್ರಾಂಗಳು) ಮತ್ತು ಈವೆಂಟ್‌ಗಳು ಬರುವುದಿಲ್ಲ, ರೂಟೀನ್ಸ್, ಈವೆಂಟ್ಸ್ ಎಂಬ ಆಯ್ಕೆಗಳನ್ನು ನೀವೇ ಸೇರಿಸಬೇಕು. ಈವೆಂಟ್ ಅಂದರೆ ನಿಗದಿತ ಹೊತ್ತಿಗೆ ಡೇಟಾಬೇಸ್ ತಾನೇ ಮಾಡುವ ಕೆಲಸ. ನಿಮ್ಮಲ್ಲಿ ದಿನದ ಬಡ್ಡಿ ಲೆಕ್ಕವೋ ಸುಸ್ತಿ ಗುರುತಿಸುವ ಕೆಲಸವೋ ಹೀಗೆ ನಡೆಯುತ್ತಿದ್ದರೆ, ಅದು ಬಿಟ್ಟುಹೋದದ್ದು ತಿಂಗಳ ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಸ್ಟೋರ್ಡ್ ಪ್ರೊಸೀಜರ್‌ಗಳನ್ನು ಪಿಜಿಲೋಡರ್ ನಿಮಗಾಗಿ ಬದಲಿಸಿಕೊಡುವುದಿಲ್ಲ, ಕೈಯಾರೆ ಬರೆಯಬೇಕು. ಎಷ್ಟಿವೆ ಎಂಬ ಲೆಕ್ಕ ಮೊದಲೇ ಸಿಕ್ಕರೆ ಕೆಲಸದ ಗಾತ್ರ ಗೊತ್ತಾಗುತ್ತದೆ.

ಟೇಬಲ್ ನೋಡುವಾಗ ಡಿಸ್ಕ್ರೈಬ್ ಕಮಾಂಡ್ ಸಾಲದು, ಶೋ ಕ್ರಿಯೇಟ್ ಟೇಬಲ್ ಬಳಸಿ. ಎಂಜಿನ್ (ಟೇಬಲ್ಲನ್ನು ಶೇಖರಿಸಿಡುವ ಭಾಗ), ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ), ಫಾರಿನ್ ಕೀ (ಒಂದು ಟೇಬಲ್ ಇನ್ನೊಂದರಲ್ಲಿ ನಿಜಕ್ಕೂ ಇರುವ ಸಾಲನ್ನೇ ಸೂಚಿಸಬೇಕೆಂಬ ನಿಯಮ), ಕಾಮೆಂಟ್ ಇವೆಲ್ಲ ಒಟ್ಟಿಗೆ ಕಾಣುವುದು ಅಲ್ಲಿ. ಎಂಜಿನ್ ಎಂಬಲ್ಲಿ ಮೈಐಸಾಮ್ ಎಂದಿದ್ದರೆ ಆ ಟೇಬಲ್‌ಗೆ ಫಾರಿನ್ ಕೀ ಇಲ್ಲವೇ ಇಲ್ಲ, ಟ್ರಾನ್ಸಾಕ್ಷನ್ (ಹಲವು ಬದಲಾವಣೆಗಳು ಎಲ್ಲ ಆಗಬೇಕು, ಇಲ್ಲವೇ ಒಂದೂ ಆಗಬಾರದೆಂಬ ವ್ಯವಸ್ಥೆ) ಕೂಡ ಇಲ್ಲ. 2010ರಲ್ಲಿ ಬಂದ 5.5ಕ್ಕೆ ಮುಂಚೆ ಮೈಐಸಾಮ್ ಡೀಫಾಲ್ಟ್ ಆಗಿತ್ತು, ಹಳೆಯ ವ್ಯವಸ್ಥೆಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿರುತ್ತದೆ. ಕಳವಳದ ಸಂಗತಿಯೆಂದರೆ, ಮೈಐಸಾಮ್ ಟೇಬಲ್‌ಗೆ ಫಾರಿನ್ ಕೀ ಬರೆದರೆ ಮೈಎಸ್‌ಕ್ಯೂಎಲ್ ತಪ್ಪು ಎನ್ನುವುದಿಲ್ಲ, ಓದಿ ಸುಮ್ಮನೆ ಬಿಟ್ಟುಬಿಡುತ್ತದೆ. ಕಾಲಮ್‌ನ ಪಕ್ಕದಲ್ಲೇ ರೆಫರೆನ್ಸಸ್ ಎಂದು ಬರೆದರೆ, 5.5ರಿಂದ ಡೀಫಾಲ್ಟ್ ಆದ ಇನ್ನೊಡಿಬಿ ಎಂಜಿನ್‌ನಲ್ಲೂ ಅದೇ ಗತಿ. ಕಾಲಮ್‌ನಲ್ಲಿ ಇಂಥ ಮೌಲ್ಯವೇ ಇರಬೇಕೆನ್ನುವ ಚೆಕ್ ನಿರ್ಬಂಧಗಳೂ ಹಾಗೆಯೇ: 8.0.16ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಬರೆದರೂ ಜಾರಿಯಾಗುತ್ತಿರಲಿಲ್ಲ, ನಿಮ್ಮ 5.7ರಲ್ಲೂ ಆಗುವುದಿಲ್ಲ. ಆದ್ದರಿಂದ ಹಿಂದಿನವರ ಫೋಲ್ಡರ್‌ನಲ್ಲಿ ಟೇಬಲ್ ಸೃಷ್ಟಿಸಿದ ಹಳೆಯ ಸ್ಕ್ರಿಪ್ಟ್ ಸಿಕ್ಕರೆ ಅದನ್ನು ಆಧಾರವಾಗಿ ಹಿಡಿಯಬೇಡಿ.

ನಿರ್ಬಂಧ ಇರಲಿಲ್ಲ ಎಂದಮೇಲೆ ಅನಾಥ ಸಾಲುಗಳು ಇದ್ದೇ ಇರುತ್ತವೆ ಎಂದುಕೊಂಡೇ ಹುಡುಕಿ. ಸದಸ್ಯರ ಟೇಬಲ್‌ನಲ್ಲಿ ಇಲ್ಲದ ಸದಸ್ಯನ ಹೆಸರಲ್ಲಿ ಠೇವಣಿ, ಸಾಲವೇ ಇಲ್ಲದ ಕಂತು, ಇಂಥವನ್ನು ಲೆಫ್ಟ್ ಜಾಯಿನ್ ಹಾಕಿ ಪಟ್ಟಿ ಮಾಡಿ. ಅವುಗಳನ್ನು ಅಳಿಸುವ ಅಧಿಕಾರ ನಿಮಗಿಲ್ಲ, ಆ ಪಟ್ಟಿ ಲೆಕ್ಕಿಗರ ಮೇಜಿಗೆ ಹೋಗಬೇಕು.

ಟೇಬಲ್‌ಗಳ ನಡುವಿನ ಸಂಬಂಧ ಕ್ಯಾಟಲಾಗ್‌ನಲ್ಲಿ ಇಲ್ಲದಿದ್ದರೆ ಹೆಸರುಗಳಿಂದ ಊಹಿಸಬೇಕು. ಸ್ಕೀಮಾಸ್ಪೈ ಎಂಬ ಉಚಿತ ಟೂಲ್ ಕಾಲಮ್ ಹೆಸರುಗಳನ್ನು ನೋಡಿ ಇಂಥ ಸಂಬಂಧಗಳನ್ನು ಚಿತ್ರದಲ್ಲಿ ತೋರಿಸುತ್ತದೆ. ಹಾಗೆ ಸಿಕ್ಕ ಜೋಡಿಗಳ ವಿಧವನ್ನು ಹೋಲಿಸಿ ನೋಡಿ. ಸದಸ್ಯರ ಟೇಬಲ್‌ನಲ್ಲಿ ಸದಸ್ಯ ಸಂಖ್ಯೆ ಇಂಟ್ (ಪೂರ್ಣಾಂಕ), ಸಾಲದ ಟೇಬಲ್‌ನಲ್ಲಿ ಅದೇ ಸಂಖ್ಯೆ ವಾರ್‌ಚಾರ್ (ಅಕ್ಷರಮಾಲೆ) ಆಗಿರುವುದು ಬಹಳ ಸಾಮಾನ್ಯ. ಮೈಎಸ್‌ಕ್ಯೂಎಲ್‌ಗೆ '00123' ಎಂಬ ಅಕ್ಷರಮಾಲೆಯೂ 123 ಎಂಬ ಸಂಖ್ಯೆಯೂ ಒಂದೇ. '12ಎ' ಎಂಬುದನ್ನು ರೋಮನ್ ಅಕ್ಷರದಲ್ಲಿ ಬರೆದಿದ್ದರೂ ಅದು 12ಕ್ಕೆ ಸಮ ಎನ್ನುತ್ತದೆ. ಅಂದರೆ 12ಎ ಸಂಖ್ಯೆಯ ಸದಸ್ಯರ ಸಾಲ 12ನೇ ಸದಸ್ಯರ ಪಟ್ಟಿಯಲ್ಲಿ ಕಂಡಿರಬಹುದು. ಪೋಸ್ಟ್‌ಗ್ರೆಸ್ ಈ ಹೋಲಿಕೆಯನ್ನೇ ಒಪ್ಪುವುದಿಲ್ಲ, ಕ್ವೆರಿ ಅಲ್ಲೇ ನಿಲ್ಲುತ್ತದೆ. ನನ್ನ ಪ್ರಕಾರ ಅದು ಒಳ್ಳೆಯದೇ.

ಸಾಲುಗಳ ಎಣಿಕೆಯ ಬಗ್ಗೆ ಒಂದು ಮಾತು. ಕ್ಯಾಟಲಾಗ್ ತೋರಿಸುವ ಇನ್ಫರ್ಮೇಷನ್ ಸ್ಕೀಮಾದಲ್ಲಿ ಪ್ರತಿ ಟೇಬಲ್‌ಗೂ ಸಾಲುಗಳ ಸಂಖ್ಯೆ ಕಾಣುತ್ತದೆ. ಇನ್ನೊಡಿಬಿ ಟೇಬಲ್‌ಗಳಿಗೆ ಅದು ಅಂದಾಜು ಮಾತ್ರ, ನಿಜ ಸಂಖ್ಯೆಗಿಂತ ಶೇ. 40ರಿಂದ 50ರಷ್ಟು ಆಚೀಚೆ ಇರಬಹುದು. ಹೋಲಿಕೆಗೆ ಕೌಂಟ್ ಕ್ವೆರಿಯನ್ನೇ ಓಡಿಸಿ.

ಈಗ ಕನ್ನಡದ ವಿಷಯ. ನೀವು ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ಪರದೆಯ ಮೇಲೆ ಕನ್ನಡ ಸರಿಯಾಗಿ ಕಂಡರೆ ಡೇಟಾಬೇಸ್‌ನಲ್ಲೂ ಸರಿಯಾಗಿದೆ ಎಂದಲ್ಲ. ಹಳೆಯ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಪ್ರೋಗ್ರಾಂ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬರೆಯುವ ಪದ್ಧತಿ) ಬೈಟ್‌ಗಳನ್ನು ಕಳಿಸಿತು, ಡೇಟಾಬೇಸ್ ಅವನ್ನು ಲ್ಯಾಟಿನ್ ಅಕ್ಷರಗಳೆಂದು ತಿಳಿದು ಹಾಗೆಯೇ ಇಟ್ಟುಕೊಂಡಿತು, ಕೇಳಿದಾಗ ಹಾಗೆಯೇ ಹಿಂದಿರುಗಿಸಿತು. ಹೋದ ದಾರಿಯಲ್ಲೇ ವಾಪಸು ಬಂದದ್ದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಬೇರೆ ದಾರಿಯಲ್ಲಿ ಹೊರಗೆ ತೆಗೆದ ದಿನ ಎಲ್ಲ ಹೆಸರುಗಳೂ ಕೆಡುತ್ತವೆ.

ಇದನ್ನು ಪತ್ತೆ ಮಾಡಲು ಒಂದು ಸುಲಭದ ಪರೀಕ್ಷೆ ಇದೆ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಚಿಹ್ನೆಗಳು ಐದು: ಕ, ನ, ವಿರಾಮ, ನ, ಡ. ಮೈಎಸ್‌ಕ್ಯೂಎಲ್‌ನಲ್ಲಿ ಚಾರ್_ಲೆಂಗ್ತ್ ಅಕ್ಷರಗಳನ್ನು ಎಣಿಸುತ್ತದೆ, ಲೆಂಗ್ತ್ ಬೈಟ್‌ಗಳನ್ನು ಎಣಿಸುತ್ತದೆ. ಎರಡನ್ನೂ ಒಟ್ಟಿಗೆ ಕೇಳಿ. ಉತ್ತರ 5 ಮತ್ತು 15 ಬಂದರೆ ಪದ ಸರಿಯಾಗಿದೆ. 15 ಮತ್ತು 15 ಬಂದರೆ ಲ್ಯಾಟಿನ್1 ಕಾಲಮ್‌ನಲ್ಲಿ ಯುಟಿಎಫ್-8 ಬೈಟ್‌ಗಳು ಕುಳಿತಿವೆ. 15 ಮತ್ತು 31 ಬಂದರೆ ಯಾರೋ ಆ ಕಾಲಮ್ಮನ್ನು ಯುಟಿಎಫ್-8ಕ್ಕೆ ಬದಲಿಸಲು ಹೋಗಿ ಎರಡು ಸಲ ಎನ್‌ಕೋಡ್ ಆಗಿದೆ. ಎರಡನೆಯ ಸ್ಥಿತಿಯಲ್ಲಿದ್ದರೆ ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಕಮಾಂಡ್ ಕೊಡಬೇಡಿ, ಕೊಟ್ಟರೆ ಮೂರನೆಯ ಸ್ಥಿತಿಗೆ ತಲುಪುತ್ತೀರಿ. ಪ್ರತಿಯಲ್ಲಿ ಆ ಕಾಲಮ್ಮನ್ನು ಮೊದಲು ಬರೀ ಬೈಟ್‌ಗಳನ್ನು ಇಡುವ ವಾರ್‌ಬೈನರಿ ಅಥವಾ ಬ್ಲಾಬ್‌ಗೆ, ಆಮೇಲೆ ಯುಟಿಎಫ್8ಎಂಬಿ4ಕ್ಕೆ (ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್-8) ಬದಲಿಸಿ. ನಡುವೆ ಯಾವುದೋ ವರ್ಷ ಪ್ರೋಗ್ರಾಂ ಮತ್ತು ಡೇಟಾಬೇಸನ್ನು ಜೋಡಿಸುವ ಡ್ರೈವರ್ ಬದಲಾಗಿದ್ದರೆ ಒಂದೇ ಕಾಲಮ್‌ನಲ್ಲಿ ಎರಡು ಬಗೆಯ ಸಾಲುಗಳೂ ಇರಬಹುದು. ಅದಕ್ಕೇ ಮಾದರಿಗೆ ಹತ್ತು ಸಾಲು ನೋಡಿ ಸುಮ್ಮನಾಗದೆ, ನೋಂದಣಿಯ ವರ್ಷವಾರು ಗುಂಪು ಮಾಡಿ ಈ ಪರೀಕ್ಷೆ ನಡೆಸಿ.

ಲ್ಯಾಟಿನ್1ರ ಇನ್ನೊಂದು ಪರಿಣಾಮ ಹೆಸರು ಕತ್ತರಿಸುವುದು. ವಾರ್‌ಚಾರ್ 50 ಎಂಬ ಕಾಲಮ್ ಅಲ್ಲಿ 50 ಬೈಟ್ ಹಿಡಿಯುತ್ತದೆ, ಅಂದರೆ ಬರೀ ಕನ್ನಡವಾದರೆ 16 ಚಿಹ್ನೆ. 'ಎಚ್. ಮಲ್ಲಿಕಾರ್ಜುನಯ್ಯ' ಎಂಬ ಹೆಸರನ್ನು ತೆಗೆದುಕೊಳ್ಳಿ. 'ಎಚ್'ಗೆ 9 ಬೈಟ್, ಚುಕ್ಕೆಗೊಂದು, ಖಾಲಿ ಜಾಗಕ್ಕೊಂದು, ಮಲ್ಲಿಕಾರ್ಜುನಯ್ಯನಿಗೆ 45, ಒಟ್ಟು 56. ಮಿತಿ ಮೀರಿದ್ದನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದ ಕಾಲದಲ್ಲಿ ಸೇರಿಸಿದ್ದರೆ ಮೈಎಸ್‌ಕ್ಯೂಎಲ್ ಮೊದಲ 50 ಬೈಟ್ ಮಾತ್ರ ಇಟ್ಟುಕೊಂಡಿರುತ್ತದೆ. ಉಳಿಯುವುದು 'ಎಚ್. ಮಲ್ಲಿಕಾರ್ಜುನಯ'. ಓದುವವರಿಗೆ ಬೆರಳಚ್ಚಿನ ತಪ್ಪು ಎನ್ನಿಸುತ್ತದೆ ಅಷ್ಟೆ. ಬೇರೆ ಹೆಸರುಗಳಲ್ಲಿ ತುಂಡು ಅಕ್ಷರದ ನಟ್ಟನಡುವೆ ಬೀಳುತ್ತದೆ, ಅಂಥ ಸಾಲನ್ನು ಪೋಸ್ಟ್‌ಗ್ರೆಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಲೆಂಗ್ತ್ ಸರಿಯಾಗಿ ಕಾಲಮ್ಮಿನ ಮಿತಿಗೆ ಅಥವಾ ಅದರ ಒಂದೆರಡು ಬೈಟ್ ಕೆಳಗೆ ಇರುವ ಎಲ್ಲ ಹೆಸರುಗಳನ್ನೂ ಹೊರತೆಗೆದು, ಸದಸ್ಯತ್ವದ ಅರ್ಜಿಯ ಜೊತೆ ತಾಳೆ ನೋಡಿಸಿ. ಒಬ್ಬ ವ್ಯಕ್ತಿಯ ಹೆಸರು ಪಾಸ್‌ಬುಕ್ಕಿನಲ್ಲಿ ಪೂರ್ತಿ ಇರಬೇಕು, ಇದನ್ನು ಸಣ್ಣ ವಿಷಯವೆಂದು ನಾನು ಎಂದೂ ಭಾವಿಸಿಲ್ಲ.

ಹೆಸರಿನ ಕಾಲಮ್‌ನಲ್ಲಿ ಕನ್ನಡದ ಚಿಹ್ನೆಗಳೇ ಇಲ್ಲದೆ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಅದು ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದದ್ದಿರಬಹುದು. ಅದಕ್ಕೆ ಬೇರೆಯೇ ಪರಿವರ್ತಕ ಬೇಕು, ಈ ಮೈಗ್ರೇಷನ್‌ಗೆ ಅದನ್ನು ಬೆರೆಸದೆ ಮುಂಚಿತವಾಗಿ ಮಾಡಿ ಮುಗಿಸಿ.

ಎಲ್ಲವೂ ಅಚ್ಚುಕಟ್ಟಾದ ಯೂನಿಕೋಡ್ ಆಗಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಂತೆ ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತದೆ. ಮೈಎಸ್‌ಕ್ಯೂಎಲ್‌ನ ಯೂನಿಕೋಡ್_ಸಿಐ ಕೊಲೇಷನ್‌ಗೆ (ಅಕ್ಷರಗಳನ್ನು ಹೋಲಿಸುವ, ಕ್ರಮವಾಗಿ ಜೋಡಿಸುವ ನಿಯಮ) ಆ ಚಿಹ್ನೆ ಲೆಕ್ಕಕ್ಕೇ ಇಲ್ಲ, ಇದ್ದರೂ ಇಲ್ಲದಿದ್ದರೂ ಹೆಸರು ಒಂದೇ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬೈಟ್‌ಗೆ ಬೈಟ್ ಹೋಲಿಸುತ್ತದೆ, ಅಲ್ಲಿ ಅವು ಎರಡು ಹೆಸರು. 'ಗೋಪಾಲ'ದ ಓ ಸ್ವರಚಿಹ್ನೆ ಒಂದೇ ಚಿಹ್ನೆಯಾಗಿಯೂ ಬರಬಹುದು, ಮೂರು ತುಂಡುಗಳಾಗಿಯೂ ಬರಬಹುದು, ನೋಟಕ್ಕೆ ವ್ಯತ್ಯಾಸವಿಲ್ಲ. ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಜ್ ಫಂಕ್ಷನ್ ಎರಡನೆಯದನ್ನು ಸರಿಪಡಿಸುತ್ತದೆ. ಕಾಣದ ಚಿಹ್ನೆಯ ವಿಷಯದಲ್ಲಿ ಹುಡುಕಾಟಕ್ಕೆಂದೇ ಅದನ್ನು ತೆಗೆದ ಇನ್ನೊಂದು ಕಾಲಮ್ ಇಟ್ಟುಕೊಳ್ಳುವುದು ಒಳಿತು, ಮೂಲ ಹೆಸರನ್ನು ಮುಟ್ಟಬೇಡಿ. ಅಕಾರಾದಿ ಪಟ್ಟಿಗಳಿಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಷನ್ ಬಳಸಿ.

ಇಂಗ್ಲಿಷ್ ಅಕ್ಷರಗಳಲ್ಲೂ ಇದೇ ಬಗೆಯ ಸಮಸ್ಯೆ ಇದೆ. ಪ್ಯಾನ್ ಸಂಖ್ಯೆಯನ್ನು ಒಬ್ಬ ಗುಮಾಸ್ತರು ದೊಡ್ಡಕ್ಷರದಲ್ಲಿ, ಇನ್ನೊಬ್ಬರು ಸಣ್ಣಕ್ಷರದಲ್ಲಿ ಟೈಪ್ ಮಾಡಿರುತ್ತಾರೆ. ಮೈಎಸ್‌ಕ್ಯೂಎಲ್ ಎರಡನ್ನೂ ಒಂದೆಂದು ತಿಳಿದು ಒಂದೇ ಪ್ಯಾನ್ ಎರಡು ಸಲ ಬರದಂತೆ ತಡೆಯುತ್ತಿತ್ತು. ಪೋಸ್ಟ್‌ಗ್ರೆಸ್ ತಡೆಯುವುದಿಲ್ಲ. ಪ್ಯಾನ್, ಐಎಫ್‌ಎಸ್‌ಸಿ, ಇಮೇಲ್, ಬಳಕೆದಾರರ ಹೆಸರು ಇರುವ ಕಾಲಮ್‌ಗಳನ್ನೆಲ್ಲ ಗುರುತು ಹಾಕಿಕೊಳ್ಳಿ.

ಹಣಕ್ಕೆ ಬರೋಣ. ಯಾವುದಾದರೂ ಮೊತ್ತದ ಕಾಲಮ್ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಹಿಡಿಯುವ ವಿಧ) ಆಗಿದೆಯೇ ನೋಡಿ. ಬರೀ ಫ್ಲೋಟ್ ಎಂದಿರುವ ಕಾಲಮ್‌ನಲ್ಲಿ 123456.78 ಹಾಕಿದರೆ ಮೈಎಸ್‌ಕ್ಯೂಎಲ್ 123457 ಎಂದು ತೋರಿಸುತ್ತದೆ, ಡಂಪ್ ಫೈಲಿಗೂ ಅದನ್ನೇ ಬರೆಯುತ್ತದೆ. ಒಳಗಿದ್ದ 78 ಪೈಸೆ ಸಾಗಾಟದಲ್ಲೇ ಕಳೆದುಹೋಗುತ್ತದೆ. ಅಂಥ ಕಾಲಮ್‌ಗಳನ್ನು ಪ್ರತಿಯಲ್ಲಿ ಮೊದಲು ಡಬಲ್‌ಗೆ, ಅನಂತರ ಎರಡು ದಶಮಾಂಶದ ಡೆಸಿಮಲ್‌ಗೆ ಬದಲಿಸಿ, ಮೊತ್ತದ ವ್ಯತ್ಯಾಸವನ್ನು ಲೆಕ್ಕಿಗರಿಗೆ ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಿ. ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ) ಇಂಟ್ ಇದ್ದರೆ ಬಿಗ್‌ಇಂಟ್ ಮಾಡಿ, ಪೋಸ್ಟ್‌ಗ್ರೆಸ್‌ನಲ್ಲಿ ಅನ್‌ಸೈನ್ಡ್ ಎಂಬುದಿಲ್ಲ.

ದಿನಾಂಕಗಳಲ್ಲಿ ಎರಡು ಹುಡುಕಾಟ ಸಾಕು. ಒಂದು, ತಿಂಗಳೂ ದಿನವೂ ಸೊನ್ನೆಯಾಗಿರುವ 0000-00-00. ಪೋಸ್ಟ್‌ಗ್ರೆಸ್ ಇದನ್ನು ಒಪ್ಪದ ಕಾರಣ ಪಿಜಿಲೋಡರ್ ನಲ್ (ಮೌಲ್ಯವೇ ಇಲ್ಲ) ಮಾಡುತ್ತದೆ. ಸಾಲ ತೀರಿದ ದಿನಾಂಕದಲ್ಲಿ ಸೊನ್ನೆ ಎಂದರೆ ಇನ್ನೂ ತೀರಿಲ್ಲ ಎಂದು ಪ್ರೋಗ್ರಾಂ ಓದುತ್ತಿದ್ದರೆ, ಅದರ ಎಲ್ಲ ಕ್ವೆರಿಗಳೂ ಬದಲಾಗಬೇಕು. ಇನ್ನೊಂದು, 1970ರ ಜನವರಿ 1, ಬೆಳಿಗ್ಗೆ 5:30. ಅದು ಕಂಪ್ಯೂಟರಿನ ಸೊನ್ನೆ ಸಮಯಕ್ಕೆ, ಅಂದರೆ ಯುಟಿಸಿಯ (ಗ್ರೀನ್‌ವಿಚ್ ಕಾಲಮಾನ) 1970ರ ಮೊದಲ ಕ್ಷಣಕ್ಕೆ, ನಮ್ಮ ಐದೂವರೆ ಗಂಟೆ ಸೇರಿ ಹುಟ್ಟಿದ ಸುಳ್ಳು ದಿನಾಂಕ.

ಆ ಐದೂವರೆ ಗಂಟೆಯೇ ಇನ್ನೂ ದೊಡ್ಡ ಅಪಾಯ ತರಬಹುದು. ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್‌ಗೆ ಟೈಮ್‌ಜೋನ್ ಇಲ್ಲ, ಬರೆದದ್ದನ್ನು ಹಾಗೆಯೇ ಇಡುತ್ತದೆ. ಪಿಜಿಲೋಡರ್ ಅದನ್ನು ಟೈಮ್‌ಜೋನ್ ಇರುವ ಟೈಮ್‌ಸ್ಟ್ಯಾಂಪ್ ಮಾಡುತ್ತದೆ. ಸಾಗಿಸುವ ಯಂತ್ರ ಯುಟಿಸಿಯಲ್ಲಿದ್ದರೆ, ಮಾರ್ಚ್ 31ರ ರಾತ್ರಿ 8ಕ್ಕೆ ನಮೂದಾದ ಜಮೆ ಏಪ್ರಿಲ್ 1ರ ನಸುಕಿನ 1:30ರದ್ದಾಗಿ ಕಾಣುತ್ತದೆ. ಅಂದರೆ ಮುಂದಿನ ಆರ್ಥಿಕ ವರ್ಷಕ್ಕೆ ಹೋಗಿಬಿಡುತ್ತದೆ. ವರ್ಷಾಂತ್ಯದ ಸಂಜೆ ನಿಮ್ಮಲ್ಲಿ ಎಷ್ಟು ನಮೂದುಗಳಾಗುತ್ತವೆ ಎಂದು ನಿಮಗೇ ಗೊತ್ತು. ಆ ಸಂಜೆಯ ಸಾಲುಗಳನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ.

ಪ್ರೋಗ್ರಾಂ ಏನನ್ನು ನಂಬಿದೆ ಎಂದು ತಿಳಿಯಲು ಅದು ಕಳಿಸುವ ಕ್ವೆರಿಗಳನ್ನೇ ನೋಡಬೇಕು. ಪ್ರತಿಯ ಮೇಲೆ ಜನರಲ್ ಲಾಗ್ (ಬಂದ ಎಲ್ಲ ಕ್ವೆರಿಗಳ ದಾಖಲೆ) ಚಾಲೂ ಮಾಡಿ, ಸಿಬ್ಬಂದಿಯೊಬ್ಬರಿಂದ ಎಲ್ಲ ಪರದೆಗಳನ್ನೂ, ಎಲ್ಲ ವರದಿಗಳನ್ನೂ ಒಮ್ಮೆ ಓಡಿಸಿ. ಗ್ರೂಪ್ ಬೈನಲ್ಲಿ ಇಲ್ಲದ ಕಾಲಮ್ ಕೇಳುವ ಕ್ವೆರಿಗಳು, ಡಬಲ್ ಕೋಟ್ ಒಳಗಿನ ಅಕ್ಷರಮಾಲೆಗಳು, ಕಾಮಾ ಹಾಕಿ ಐಡಿಗಳನ್ನು ಒಂದೇ ಕಾಲಮ್ಮಿಗೆ ತುರುಕಿ ಫೈಂಡ್_ಇನ್_ಸೆಟ್‌ನಿಂದ ಹುಡುಕುವ ಜಾಗಗಳು ಎಲ್ಲ ಅಲ್ಲಿ ಸಿಗುತ್ತವೆ, ಇವು ಪೋಸ್ಟ್‌ಗ್ರೆಸ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಯಾವ ಟೇಬಲ್‌ಗಳು ಜೀವಂತ ಎಂಬುದಕ್ಕೆ ಅಸಲಿ ಸರ್ವರ್‌ನಲ್ಲಿ ಟೇಬಲ್‌ಗಳ ಬಳಕೆಯನ್ನು ಎಣಿಸುವ ಪರ್ಫಾರ್ಮೆನ್ಸ್ ಸ್ಕೀಮಾದ ಎಣಿಕೆಗಳನ್ನು ನೋಡಿ. ಅವು ಸರ್ವರ್ ಕೊನೆಯ ಸಲ ಶುರುವಾದ ಮೇಲಿನವು, ಆದ್ದರಿಂದ ಕನಿಷ್ಠ ಒಂದು ತಿಂಗಳಾಂತ್ಯ ದಾಟಿರಲಿ. ವರ್ಷಕ್ಕೊಮ್ಮೆ ಡಿವಿಡೆಂಡ್ ಲೆಕ್ಕಕ್ಕೆ ಮಾತ್ರ ಮುಟ್ಟುವ ಟೇಬಲ್ ಒಂದಿರಬಹುದು, ಅದನ್ನು ಸತ್ತದ್ದೆಂದು ಎಣಿಸಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಫ್ಲ್ಯಾಗ್3 ಎಂಬ ಕಾಲಮ್‌ನಲ್ಲಿ 7 ಯಾಕಿದೆ ಎಂದು ಯಾವ ಕ್ವೆರಿಯೂ ಹೇಳುವುದಿಲ್ಲ. ಹತ್ತಾರು ವರ್ಷ ಆ ಪರದೆಯ ಮುಂದೆ ಕುಳಿತ ನಿಮ್ಮ ಗುಮಾಸ್ತರು ಹೇಳಬಲ್ಲರು. 140 ಟೇಬಲ್‌ಗಳ ಪಟ್ಟಿ ಮುದ್ರಿಸಿಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಹೇಳಿದ್ದನ್ನು ಕಾಲಮ್‌ವಾರು ಬರೆದುಕೊಳ್ಳಿ. ಸಂಘಕ್ಕೆ ಇಲ್ಲದಿದ್ದ ದಾಖಲೆ ಹೀಗೆ ಸಿದ್ಧವಾಗುತ್ತದೆ. ಡೇಟಾಬೇಸ್‌ನ ಪ್ರತಿಯಲ್ಲಿ ಸದಸ್ಯರ ಆಧಾರ್, ಪ್ಯಾನ್, ಸಾಲದ ವಿವರ ಇರುವುದರಿಂದ ಅದು ಯಾರ ಸ್ವಂತ ಲ್ಯಾಪ್‌ಟಾಪಿಗೂ, ಯಾವ ಆನ್‌ಲೈನ್ ಪರಿವರ್ತಕಕ್ಕೂ ಹೋಗಬಾರದು.

ಪರಿಶೀಲನೆಯಲ್ಲಿ ಸಿಕ್ಕದ್ದನ್ನೆಲ್ಲ ಪಿಜಿಲೋಡರ್‌ನ ಕಾಸ್ಟ್ ನಿಯಮಗಳಾಗಿ (ಯಾವ ವಿಧ ಯಾವುದಾಗಬೇಕು ಎಂಬ ಸೂಚನೆಗಳು) ಬರೆದು, ಪ್ರತಿಯ ಮೇಲೆ ಮತ್ತೆ ಮತ್ತೆ ಓಡಿಸಿ. ಪ್ರತಿ ಸಲವೂ ಎರಡೂ ಕಡೆ ಟೇಬಲ್‌ವಾರು ಸಾಲುಗಳ ಎಣಿಕೆ, ಪ್ರತಿ ಮೊತ್ತದ ಕಾಲಮ್ಮಿನ ವರ್ಷವಾರು ಒಟ್ಟು, ಪ್ರತಿ ಸದಸ್ಯರ ಬಾಕಿ ತಾಳೆಯಾಗಬೇಕು. ಹಿಂದಿನ ಮೂರು ವರ್ಷಗಳ ಮಾರ್ಚ್ 31ರ ತಃಖ್ತೆಯನ್ನು ಹೊಸದರಿಂದ ತೆಗೆದು, ಆಡಿಟ್ ಆದ ಕಾಗದದ ಜೊತೆ ಹೋಲಿಸಿ. ಹೊಸ ಸಾಲುಗಳಿಗೆ ಐಡಿ ಕೊಡುವ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್‌ಗಳು ಆಯಾ ಟೇಬಲ್‌ನ ಅತಿ ದೊಡ್ಡ ಐಡಿಯಿಂದ ಮುಂದಕ್ಕೆ ಎಣಿಸುತ್ತಿವೆಯೇ ನೋಡಿ. ರಸೀದಿ ಸಂಖ್ಯೆಯ ವಿಷಯದಲ್ಲಿ ಕೊನೆಯ ರಸೀದಿ ಅಳಿಸಿಹೋಗಿರಲೂಬಹುದು, ಹಾಗಾಗಿ ಪುಸ್ತಕದಲ್ಲಿರುವ ಕೊನೆಯ ಸಂಖ್ಯೆಯನ್ನೇ ಆಧಾರ ಮಾಡಿಕೊಳ್ಳಿ.

ಡೇಟಾ ಸಾಗಿಸಲು ಬೇಕಾಗುವ ಸಮಯಕ್ಕಿಂತ ಈ ಪರಿಶೀಲನೆಗೆ ಹಲವು ಪಟ್ಟು ಹೆಚ್ಚು ಸಮಯ ಬೇಕು ಎಂದು ಆಡಳಿತ ಮಂಡಳಿಗೆ ಮೊದಲೇ ತಿಳಿಸಿ. ಹಾಗೆಂದು ಮುಂದೂಡುತ್ತಲೂ ಹೋಗಬೇಡಿ, 5.7ಕ್ಕೆ ಸುರಕ್ಷತಾ ಅಪ್‌ಡೇಟ್‌ಗಳು 2023ರ ಅಕ್ಟೋಬರ್‌ನಲ್ಲೇ ನಿಂತಿವೆ. ಮಾರ್ಚ್, ಏಪ್ರಿಲ್ ತಿಂಗಳುಗಳನ್ನು ಮಾತ್ರ ಬಿಡಿ. ಹೊಸದಕ್ಕೆ ಹೋದ ದಿನ ಹಳೆಯ ಸರ್ವರ್‌ನಲ್ಲಿ ಡೇಟಾ ಬದಲಿಸಲು ಬಿಡದ ಸೂಪರ್_ರೀಡ್_ಓನ್ಲಿ ಚಾಲೂ ಮಾಡಿ, ಸಂಘದ ನೆಟ್‌ವರ್ಕ್‌ನ ಹೊರಗಿನಿಂದ ಯಾರೂ ತಲುಪದಂತೆ ಮುಚ್ಚಿ, ಮುಂದಿನ ಲೆಕ್ಕಪರಿಶೋಧನೆ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಿ. ಲೆಕ್ಕಪರಿಶೋಧಕರು ಒಂದು ಸಾಲಿನ ಬಗ್ಗೆ ಪ್ರಶ್ನೆ ಕೇಳಿದರೆ ಅದು ಮೊದಲು ಹೇಗಿತ್ತು ಎಂದು ತೋರಿಸಲು ನಿಮಗೆ ಅದೊಂದೇ ಸಾಕ್ಷಿ.